ಪಟ್ಟೆಕಾಲಿನವರ ಮೇಲೆ ನನ್ನ ದಂಡಯಾತ್ರೆ

ಪಟ್ಟೆಕಾಲಿನ ಸೊಳ್ಳೆಗಳ ಸುದ್ದಿ ನಾನು ಮೊದಲು ಕೇಳಿದ್ದು ನಾದಿನಿಯ ಹೊಲಿಗೆ ಯಂತ್ರದ ಪಕ್ಕ ನಿಂತಿದ್ದಾಗ. ಅವಳೂ ನನ್ನಂತೆಯೇ ಗಂಡನನ್ನು ಕಳೆದುಕೊಂಡವಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಶಾಲಾಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳಿಗೆ ಸೂಜಿಗೆ ದಾರ ಪೋಣಿಸಲು ಒಬ್ಬರು ಬೇಕಿತ್ತು, ನನಗೆ ಜಗಳಕ್ಕೆ ಒಬ್ಬರು ಬೇಕಿತ್ತು. ಹಾಗಾಗಿ ಒಂದೇ ಮನೆಯಲ್ಲಿದ್ದೆವು.

ರೇಡಿಯೋದವನು ಹೇಳುತ್ತಿದ್ದ: ಈ ವರ್ಷ ಚಳಿ ಬರಲೇ ಇಲ್ಲ, ಕಾಲವಲ್ಲದ ಕಾಲದಲ್ಲಿ ಮಳೆ, ನಡುನಡುವೆ ಸುಡುಬಿಸಿಲು, ಹೀಗಾದರೆ ಸೊಳ್ಳೆಯೂ ಬೇಗ ಬೆಳೆಯುತ್ತದೆ, ಅದರ ಹೊಟ್ಟೆಯಲ್ಲಿರುವ ಜ್ವರದ ವೈರಸ್ಸೂ ಬೇಗ ಬಲಿಯುತ್ತದೆ.

"ಕೇಳಿಸ್ತಾ ಅತ್ತಿಗೆ? ಹಗಲಲ್ಲೇ ಕಚ್ಚುತ್ತಂತೆ" ಎಂದು ನಾದಿನಿ ಕಣಕಾಲಿಗೆ ಪಟ್ಟನೆ ಹೊಡೆದುಕೊಂಡಳು.

"ಹಗಲು ದುಡಿಯುತ್ತಾ? ಹಾಗಾದ್ರೆ ನಿನ್ನ ಅಣ್ಣನಿಗಿಂತ ವಾಸಿ ಬಿಡು."

(ಸತ್ತವರನ್ನು ಆಡಿಕೊಳ್ಳಬಾರದು. ಆದರೆ ಬದುಕಿದ್ದಾಗ ಅವರು ಆಡಿಕೊಳ್ಳಲು ಬಿಟ್ಟಿರಲಿಲ್ಲ.)

ನನ್ನ ಓದು ಅಕ್ಷರ ಕೂಡಿಸುವಷ್ಟೇ. ಬೈಯಲು ಅದು ಧಾರಾಳ ಸಾಕು. ಮರುದಿನವೇ ಮನೆಯ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿ, ಡ್ರಮ್ಮಿಗೆ ಬಟ್ಟೆ ಕಟ್ಟಿ, ಊರುಗೋಲು ಹಿಡಿದು ದಂಡಯಾತ್ರೆ ಹೊರಟೆ. ಸೈಕಲ್ ರಿಪೇರಿಯವನ ಹಳೇ ಟೈರುಗಳನ್ನು ತಿವಿದೆ. ಎದುರುಮನೆ ಕ್ಷೌರಿಕನ ಹೂಕುಂಡದ ತಟ್ಟೆ ಚೆಲ್ಲಿದೆ.

"ಮಳೆಗಾಲ ಮುಗಿದು ಎಷ್ಟು ಕಾಲ ಆಯ್ತು, ಇನ್ನೆಲ್ಲಿ ಸೊಳ್ಳೆ ಅಜ್ಜಿ?" ಎಂದ ಅವನು.

"ಮಳೆ ನಿಂತ್ರೆ ನೀನು ನೀರು ತುಂಬಿಡೋದು ನಿಲ್ಲಿಸಿದ್ಯಾ? ಮಳೆಗಾಲ ಆಕಾಶದಲ್ಲಿ ಮುಗಿದಿದೆ, ನಿನ್ನ ಹಿತ್ತಲಲ್ಲಿ ಮುಗಿದಿಲ್ಲ. ಗಲೀಜು ಜನ!"

ಬೀದಿಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ನಾನು ಅದನ್ನು ಗೌರವ ಎಂದುಕೊಂಡೆ.

ಆಗಲೇ ನಾದಿನಿ ಮಲಗಿದ್ದು. ಕಣ್ಣಿನ ಹಿಂದೆ ನೋವು, ಮೈಮೂಳೆಯೆಲ್ಲ ಮುರಿದಂತೆ. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಅದೇ ಜ್ವರವೆಂದರು. ವಯಸ್ಸಾದ ದೇಹ, ಭರವಸೆ ಕೊಡಲಾರೆ ಎಂದರು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. (ಯಾವಾಗಲೂ ಅದೇ ಮೊದಲು; ಅದರ ಮನೆ ಹತ್ತಿರ.)

ಸೊಳ್ಳೆಮರಿ ಹುಡುಕುವ ಆರೋಗ್ಯ ಕಾರ್ಯಕರ್ತೆ ಟಾರ್ಚು ಹಿಡಿದು ಬಂದಾಗ ಅವಳ ಕೈಹಿಡಿದು ಎಳೆದೆ. "ಮೊದಲು ಎದುರುಮನೆ ನೋಡಮ್ಮಾ, ಅಲ್ಲೇ ಇರೋದು!"

"ಕಾಯಿಲೆ ಬಿದ್ದವರ ಮನೇನೇ ಮೊದಲು ಅಜ್ಜಿ."

"ನೋಡು. ಒಂದು ಮರಿ ತೋರಿಸು, ಈ ಕೋಲಲ್ಲಿ ನನಗೇ ಬಾರಿಸು." ಬೀದಿಗೂ ಕೇಳಲೆಂದು ಬಾಗಿಲು ಅಗಲವಾಗಿ ತೆರೆದಿಟ್ಟೆ.

ಬಕೆಟ್ಟು, ಡ್ರಮ್ಮು ಎಲ್ಲ ನೋಡಿ ಮುಗಿಸಿದವಳು ಫ್ರಿಜ್ಜನ್ನು ಮುಂದಕ್ಕೆಳೆದು ಹಿಂದಿನಿಂದ ಒಂದು ತಟ್ಟೆ ತೆಗೆದಳು. ಒಳಗಿನ ಮಂಜು ಕರಗಿ ಬಂದು ಸೇರುವ ತಟ್ಟೆಯಂತೆ. ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಫ್ರಿಜ್ಜಿನ ಮುಖವನ್ನು ದಿನಾ ಕನ್ನಡಿಯಂತೆ ಒರೆಸುತ್ತಿದ್ದೆ, ಬೆನ್ನು ನೋಡಿದವರಾರು? ಸೆಕೆಗೆ ಅದು ಬೆವರಿದಷ್ಟೂ ತಟ್ಟೆ ತುಂಬಿತ್ತು, ಮೋಟಾರಿನ ಬಿಸಿಗೆ ನೀರು ಬೆಚ್ಚಗಾಗಿತ್ತು. ಆ ಹೆರಿಗೆ ವಾರ್ಡಿನಲ್ಲಿ ಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಅಲ್ಲಿಂದ ಹೊಲಿಗೆ ಯಂತ್ರದ ಪೆಡಲಿಗೆ ಒಂದು ಮೊಳ.

ತೆರೆದಿಟ್ಟ ಬಾಗಿಲನ್ನು ನಾನೇ ಹೋಗಿ ಮುಚ್ಚಿದೆ.

"ಏನಾದ್ರೂ ಸಿಕ್ತಾ ಅಜ್ಜಿ?" ಹೊರಗಿನಿಂದ ಕ್ಷೌರಿಕ ಕೂಗಿದ.

"ಜಿರಳೆ!"

ಆಸ್ಪತ್ರೆಯಲ್ಲಿ ನಾದಿನಿ ಕಣ್ಣು ತೆರೆದು ಕೇಳಿದಳು, "ಎಲ್ಲಿತ್ತಂತೆ?"

"ಎದುರುಮನೇಲಿ."

"ಸುಳ್ಳು ಹೇಳುವಾಗ ಸೆರಗು ತಿರುಚ್ತೀಯ ಅತ್ತಿಗೆ."

ಹೇಳಿದೆ. ಅವಳು ನಕ್ಕಳು, ಒಸಡಿನಲ್ಲಿ ರಕ್ತ ಕಂಡಿತು. ಆಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ; ಅದಾದ ಮೇಲೆ ಏನನ್ನೂ ಕೇಳಲಿಲ್ಲ.

"ಬೀದಿ ತುಂಬ ಬೈಕೊಂಡು ಬಂದ್ಯಲ್ಲ, ಇನ್ನೊಂದು ಸಲ ಹೋಗು. ಒಂದೊಂದು ಬಾಗಿಲಲ್ಲೂ ನಿಂತು, ನಮ್ಮನೇಲೇ ಇತ್ತು, ಫ್ರಿಜ್ಜಿನ ಹಿಂದೆ ಇತ್ತು ಅಂತ ಹೇಳು. ನಗ್ತಾರೆ. ನಗ್ಲಿ. ನಕ್ಕೋರು ಒಳಗೆ ಹೋಗಿ ತಮ್ಮದನ್ನೂ ಎಳೆದು ನೋಡ್ತಾರೆ. ಹೋಗ್ತೀಯಾ, ಅತ್ತಿಗೆ?"