ಪೂರ್ತಿ ಸಮುದ್ರ ಕಾಣುವ ಕೋಣೆ

ಮುಂಬೈಗೆ ಬರುವವರಿಗೆ ಹೋಟೆಲು ಹುಡುಕಿಕೊಡುವುದರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಹೆಸರು ಊರಿನಲ್ಲಿ ನನಗಿದೆ. ಉಡುಪಿಯ ಕಡೆಯಿಂದ ಯಾರೇ ಹೊರಟರೂ ರೈಲಿನ ಟಿಕೆಟಿಗಿಂತ ಮೊದಲು ನನಗೆ ಫೋನ್ ಬರುತ್ತದೆ. "ಒಳ್ಳೆ ಜಾಗದಲ್ಲಿರ್ಬೇಕು, ರೇಟು ಕಮ್ಮಿ ಇರ್ಬೇಕು, ಸ್ಟೇಷನ್ನಿಗೆ ಹತ್ರ ಆಗ್ಬೇಕು, ಗಲಾಟೆ ಆಗ್ಬಾರ್ದು." ಈ ನಾಲ್ಕೂ ಒಟ್ಟಿಗೆ ಸಿಗುವ ಜಾಗ ಮುಂಬೈಯಲ್ಲಿ ಸ್ಮಶಾನ ಒಂದೇ ಎಂದು ನಾಲಗೆಯ ತುದಿಗೆ ಬರುತ್ತದೆ. ಆದರೆ ಹೇಳುವುದಿಲ್ಲ. "ನಮ್ಮನೆಗೇ ಬನ್ನಿ" ಎನ್ನುವ ಧೈರ್ಯವೂ ಇಲ್ಲ, ಯಾಕೆಂದರೆ ಕೆಲವರು ಬಂದೇಬಿಡುತ್ತಾರೆ. ಹಾಗಾಗಿ ಮದುವೆಗೆ ಬಂದವರಿಗೆ, ಪರೀಕ್ಷೆಗೆ ಬಂದವರಿಗೆ, ಕಣ್ಣಿನ ಡಾಕ್ಟರರಿಗೆ ತೋರಿಸಲು ಬಂದವರಿಗೆ ಎಲ್ಲರಿಗೂ ಕೋಣೆ ಗೊತ್ತುಮಾಡಿ ಕೊಟ್ಟಿದ್ದೇನೆ. ನಾನು ಮಾತ್ರ ಹೊರವಲಯದ ಡೊಂಬಿವಲಿಗೆ ಬಂದು ಮೂವತ್ತು ವರ್ಷವಾದರೂ ಮುಂಬೈಯ ಒಂದು ಹೋಟೆಲಿನಲ್ಲೂ ಒಂದು ರಾತ್ರಿ ಮಲಗಿದವನಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು ಅನ್ನುತ್ತಾರಲ್ಲ, ಆ ಹಲ್ಲಿಯ ಜಾತಿಯವನು ನಾನು.

ಹೋಟೆಲು ಆರಿಸುವುದಕ್ಕೆ ನನ್ನದೇ ಒಂದು ಶಾಸ್ತ್ರವಿದೆ. ಬೇರೆಯವರು ಹಾಸಿಗೆ ನೋಡುತ್ತಾರೆ, ಬಾತ್‌ರೂಮು ನೋಡುತ್ತಾರೆ. ನಾನು ನೋಡುವುದು ಅಲ್ಲಿಂದ ಟ್ರೈನಿನಲ್ಲಿ ಕೂರಲು ಜಾಗ ಸಿಗುತ್ತದೆಯೇ ಎಂದು. ಡೊಂಬಿವಲಿಯವರಾದ ನಾವು ಬೆಳಗ್ಗೆ ಮುಂಬೈಗೆ ಹೋಗಬೇಕಾದರೆ ಮೊದಲು ಉಲ್ಟಾ, ಗಾಡಿ ಹೊರಡುವ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸು ಡೊಂಬಿವಲಿಯ ಮೇಲೆಯೇ ಹಾದುಹೋಗುವ ಜನ. ಪ್ಲಾಟ್‌ಫಾರ್ಮಿನಲ್ಲಿ ನಿಂತ ನೆರೆಮನೆಯವರನ್ನು ಕಿಟಕಿಯ ಸೀಟಿನಿಂದ ನೋಡುವುದರಲ್ಲಿ ಒಂದು ಸುಖವಿದೆ. ಈ ಶಾಸ್ತ್ರದ ಪ್ರಕಾರ ಗೇಟ್‌ವೇ ನೋಡಲು ಬಂದ ನನ್ನ ಚಿಕ್ಕಪ್ಪನನ್ನು ಒಮ್ಮೆ ಕಲ್ಯಾಣದಲ್ಲಿ ಇಳಿಸಿದ್ದೆ. ಅವರು ಮೂರು ದಿನವೂ ಸುಖವಾಗಿ ಕೂತುಕೊಂಡು ಹೋಗಿ ಬಂದರು. ಊರಿಗೆ ಹೋದ ಮೇಲೆ "ಟ್ರೈನು ಚೆನ್ನಾಗಿತ್ತು" ಎಂದರಂತೆ, ಗೇಟ್‌ವೇ ಬಗ್ಗೆ ಏನೂ ಹೇಳಲಿಲ್ಲವಂತೆ.

ಹೀಗಿರುವಾಗ ನನ್ನ ಹೆಂಡತಿ ಸುಮತಿಯ ತಮ್ಮನ ಮಗಳು ದೀಕ್ಷಾ ಮಣಿಪಾಲದಿಂದ ಮೂರು ದಿನಕ್ಕೆ ಮುಂಬೈಗೆ ಬಂದಳು. ನನ್ನನ್ನು ಒಂದು ಮಾತೂ ಕೇಳದೆ ತಾನೇ ಸಮುದ್ರದ ಎದುರಿನ ಹೋಟೆಲೊಂದರಲ್ಲಿ ಇಳಿದಳು. ಬೆಳಗ್ಗೆ ಎದ್ದು, ಕಿಟಕಿಯ ಪರದೆ ಸರಿಸಿ, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು, ಹಿಂದೆ ಅಗಲಕ್ಕೆ ಹಾಸಿದ ನೀಲಿ ಸಮುದ್ರ ಬರುವ ಹಾಗೆ ತೆಗೆದ ಫೋಟೊ ಕಳಿಸಿದಳು. ಕೆಳಗೆ ಬರೆದಿದ್ದಳು: "ಅತ್ತೆ, ನಿಮ್ಗೆ ದಿನಾ ಇದೇ ಕಾಣುದಲ್ವಾ? ಲಕ್ಕಿ ನೀವು!" ಸುಮತಿ ಆ ಫೋಟೊ ನೋಡಿದ್ದು ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು. ನಮ್ಮ ಕಿಟಕಿಯಿಂದ ಕಾಣುವುದು ಎದುರಿನ ಸೊಸೈಟಿಯ ಡ್ರೈನೇಜ್ ಪೈಪು ಮತ್ತು ಎರಡನೇ ಮಹಡಿಯ ಕುಳಕರ್ಣಿಯವರ ಒಣಹಾಕಿದ ಬನಿಯನ್ನು. ಗಾಳಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬೀಸಿದ ದಿನ ಕಿಟಕಿ ತೆರೆಯುವುದೂ ಇಲ್ಲ.

ಸುಮತಿ ಹುಟ್ಟಿದ್ದು ಮಲ್ಪೆಯ ಹತ್ತಿರ. ಮನೆಯ ಹಿತ್ತಲಿನಿಂದ ಸಮುದ್ರದ ಸದ್ದು ಕೇಳಿಕೊಂಡು ಬೆಳೆದವಳು. ಮುಂಬೈಯ ಹುಡುಗ ಎಂದು ನನ್ನನ್ನು ಮದುವೆಯಾದಳು. ಅಲ್ಲೂ ಸಮುದ್ರವಿದೆ ಎಂದು ಅವಳ ಅಪ್ಪ ಸಮಾಧಾನ ಹೇಳಿ ಕಳಿಸಿದ್ದರಂತೆ. ಸಮುದ್ರ ಇರುವುದೇನೋ ನಿಜ. ನೋಡಬೇಕೆಂದರೆ ಒಂದೂವರೆ ಗಂಟೆ ಟ್ರೈನಿನಲ್ಲಿ ಜೋತಾಡಿ, ನೋಡಿದ್ದೇ ತಡ ಜನಜಂಗುಳಿ ಶುರುವಾಗುವ ಮೊದಲು ಓಡಿ ವಾಪಸು ಬರಬೇಕು. ಹಾಗೆ ನೋಡಿದ್ದು ಸಮುದ್ರ ನೋಡಿದ ಹಾಗಲ್ಲ, ಹಾಜರಿ ಹಾಕಿದ ಹಾಗೆ. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಹೇಳಿದಳು: "ನನ್ಗೂ ಒಮ್ಮೆ ಬೆಳಿಗ್ಗೆ ಎದ್ದು, ಹಾಸಿಗೆಯಲ್ಲೇ ಕೂತು ಸಮುದ್ರ ನೋಡ್ಬೇಕು ಮಾರಾಯ್ರೆ. ಟ್ರೈನು ಹಿಡಿದು ಹೋಗಿ ನೋಡುದಲ್ಲ." ಸುಮತಿ ಏನನ್ನೂ ಕೇಳುವವಳಲ್ಲ, ಆದ್ದರಿಂದ ಕೇಳಿದಾಗ ಹೆದರಿಕೆಯಾಗುತ್ತದೆ. "ಅದಕ್ಕೇನು, ಹೋಟೆಲು ಹುಡುಕುವುದು ನನಗೆ ಎಡಗೈ ಕೆಲಸ" ಎಂದು ಎರಡು ರಾತ್ರಿಯ ಮಾತು ಕೊಟ್ಟುಬಿಟ್ಟೆ.

ಎಡಗೈಯೂ ಸಾಲಲಿಲ್ಲ, ಬಲಗೈಯೂ ಸಾಲಲಿಲ್ಲ. ಬೇರೆಯವರ ದುಡ್ಡಿನಲ್ಲಿ ಹೋಟೆಲು ಆರಿಸುವುದು ಸುಲಭ, ಸ್ವಂತ ದುಡ್ಡೆಂದಾಗ ಜಲದ ಬಗ್ಗೆಯೇ ವೈರಾಗ್ಯ ಬರುತ್ತದೆ. ಸಮುದ್ರದ ಎದುರಿನ ಕೋಣೆಗಳ ದರ ನೋಡಿ ಫೋನನ್ನು ಮೇಜಿನ ಮೇಲೆ ಕವುಚಿಹಾಕಿದೆ. ಅದರ ಹಿಂದಿನ ಓಣಿಯ ಹೋಟೆಲುಗಳನ್ನು ನೋಡಿದೆ. ಒಂದು ಕಡೆ "ಸಮುದ್ರ ಭಾಗಶಃ ಕಾಣುತ್ತದೆ" ಎಂದಿತ್ತು. ಅಲ್ಲಿ ಇದ್ದುಹೋದ ಮಹಾನುಭಾವನೊಬ್ಬ, ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ ಎಡಕ್ಕೆ ತಿರುಗಿದರೆ ಕಾಣುತ್ತದೆ, ಹೆಂಡತಿ ಕಾಲು ಹಿಡಿದುಕೊಂಡಿದ್ದಳು ಎಂದು ಅನುಭವ ಬರೆದಿದ್ದ. ಆದರೂ ಫೋನ್ ಮಾಡಿ "ಪೂರಾ ದಿಖ್ತಾ ಹೈ ಕಿ ಆಧಾ?" ಎಂದು ಕೇಳಿದೆ. "ಸಮುಂದರ್ ಪೂರಾ ಕಿಸೀ ಕೋ ದಿಖ್ತಾ ಹೈ ಕ್ಯಾ ಸಾಹಬ್?" ಎಂದ ಆ ಕಡೆಯವನು, ಸಮುದ್ರ ಪೂರ್ತಿ ಯಾರಿಗಾದರೂ ಕಂಡಿದೆಯೇ ಎಂಬ ಅರ್ಥದಲ್ಲಿ. ವೇದಾಂತಿಗಳ ಹೋಟೆಲಿನಲ್ಲಿ ಬಿಸಿನೀರು ಸಿಗಲಿಕ್ಕಿಲ್ಲ ಎಂದು ಅದನ್ನೂ ಕೈಬಿಟ್ಟೆ.

ಆಮೇಲೆ ನಾನು ಸಮುದ್ರದಿಂದ ಮೆಲ್ಲಮೆಲ್ಲಗೆ ಹಿಂದೆ ಸರಿಯತೊಡಗಿದೆ. ದರ ಇಳಿದಂತೆಲ್ಲ ನೀರೂ ಇಳಿಯುತ್ತ ಬಂತು. ವಾಶಿಯಲ್ಲಿ ಖಾಡಿ ಕಾಣುವ ಕೋಣೆಯೊಂದಿತ್ತು. "ಖಾಡಿ ಎಂದರೂ ಸಮುದ್ರವೇ, ಸ್ವಲ್ಪ ಒಳಗೆ ಬಂದಿದೆ ಅಷ್ಟೆ" ಎಂದು ವಿವರಿಸಿದೆ. ಸುಮತಿ ಎದ್ದು ಕುಕ್ಕರು ಇಡಲು ಹೋದಳು. ಮಹಾಪೆಯಲ್ಲಿ ನಮ್ಮ ಆಫೀಸಿನವರಿಗೆ ರಿಯಾಯಿತಿ ಕೊಡುವ ಹೋಟೆಲಿದೆ ಎಂದು ನೆನಪಾಗಿ ಅದನ್ನೂ ಹೇಳಿನೋಡಿದೆ. "ನಾನೆಂತ ನಿಮ್ಮ ಆಫೀಸು ನೋಡ್ಲಿಕ್ಕೆ ಬರುದಾ?" ಎಂದಳು. ಕೊನೆಗೆ ಡೊಂಬಿವಲಿಯಿಂದ ಅರ್ಧ ಗಂಟೆ ದೂರದ ಠಾಣೆ ಊರಿನಲ್ಲಿ ಕೆರೆಯ ಹತ್ತಿರ ಒಂದು ಹೋಟೆಲು ಸಿಕ್ಕಿತು. ಸ್ಟೇಷನ್ನಿಗೆ ಹತ್ತಿರ, ದರ ನಮ್ಮ ಕೈಗೆಟಕುವಂಥದ್ದು, ಬೆಳಗಿನ ತಿಂಡಿ ಪುಕ್ಕಟೆ, ಕಿಟಕಿಯಿಂದ ಕೆರೆ ಪೂರ್ತಿ ಕಾಣುತ್ತದೆ ಎಂದು ಫೋಟೊ ಸಮೇತ ಹಾಕಿದ್ದರು. "ನೀರು ಅಂದರೆ ನೀರು" ಎಂದೆ. "ನೀರು ನಮ್ಮ ಟಾಂಕಿಯಲ್ಲೂ ಉಂಟು" ಎಂದಳು. ನಮ್ಮ ಮಗಳು ಪ್ರಾಚಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು ಸೋಫಾದಿಂದಲೇ ಕೂಗಿದಳು: "ಪಪ್ಪಾ, ಘೂಮ್‌ನೇ ಕೇ ಲಿಯೇ ಕೋಯೀ ಠಾಣೆ ಜಾತಾ ಹೈ ಕ್ಯಾ?" ತಿರುಗಾಡಲು ಯಾರಾದರೂ ಠಾಣೆಗೆ ಹೋಗುತ್ತಾರಾ ಎಂದು. ಮಕ್ಕಳ ಮಾತಿಗೆ ಬೆಲೆ ಕೊಡಬಾರದೆಂದು ಬುಕ್ ಮಾಡಿದೆ.

ಶನಿವಾರ ಬೆಳಗ್ಗೆ ಹೊರಟೆವು. ಸುಮತಿ ಬೇಸರವನ್ನು ಮಡಚಿ ಒಳಗಿಟ್ಟು, ಒಳ್ಳೆಯ ಸೀರೆ ಉಟ್ಟು, ದೊಡ್ಡ ಬ್ಯಾಗೇ ತುಂಬಿಸಿದ್ದಳು. ಲಿಫ್ಟಿನಲ್ಲಿ ಕೆಳಗಿನ ಮನೆಯ ಜೋಶಿ ಬಾಯಿ ಸಿಕ್ಕಿದರು. "ಗಾವಾಲಾ ಚಾಲಲಾತ್ ಕಾ?" ಊರಿಗೆ ಹೊರಟಿರಾ ಎಂದು ಕೇಳಿದರು. "ಠಾಣ್ಯಾಲಾ" ಎಂದಳು ಸುಮತಿ, ಯಾರಿಗೂ ಕೇಳಬಾರದು ಎಂಬಂತೆ. ಜೋಶಿ ಬಾಯಿ ಆ ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು. ಮನೆಯಲ್ಲಿ ಏನೋ ದೊಡ್ಡ ಜಗಳವೇ ಆಗಿದೆ ಎಂದು ಅವರಿಗೆ ಖಾತ್ರಿಯಾದಂತೆ ಕಂಡಿತು. ಸುಮತಿಯ ಬೆನ್ನು ಸವರಿ ಇಳಿದುಹೋದರು.

ಠಾಣೆಯ ಹೋಟೆಲು ಫೋಟೊದಲ್ಲಿದ್ದಷ್ಟು ಅಗಲ ಇರಲಿಲ್ಲ, ಆದರೆ ಚೊಕ್ಕವಾಗಿತ್ತು. ಕೌಂಟರಿನಲ್ಲಿ ಟೈ ಕಟ್ಟಿಕೊಂಡ ಒಬ್ಬ ಕಾರಕೂನ ನಗುನಗುತ್ತ ಗುರುತಿನ ಚೀಟಿ ಕೇಳಿದ. ನನ್ನ ಆಧಾರ್ ಕಾರ್ಡ್ ಕೊಟ್ಟೆ. ಡೊಂಬಿವಲಿಯ ವಿಳಾಸ ನೋಡಿದ್ದೇ ಅವನ ನಗು ನಿಂತಿತು. "ಸಾರೀ ಸರ್. ಲೋಕಲ್ ಐಡಿ ಪೇ ರೂಮ್ ನಹೀ ದೇತೇ." ಅದೇ ಸುತ್ತಮುತ್ತಲಲ್ಲಿ ಮನೆಯಿರುವವರಿಗೆ ಕೋಣೆ ಕೊಡುವುದಿಲ್ಲವೆಂಬುದು ಅವರ ನಿಯಮವಂತೆ. ಬುಕ್ ಮಾಡುವಾಗ ಕೆಳಗೆ ಬರೆದಿತ್ತಂತೆ. ಅಪರಿಚಿತರು ಬರೆದ ಅನುಭವಗಳನ್ನೆಲ್ಲ ಓದಿದ ನಾನು ಅದೊಂದನ್ನು ಓದಿರಲಿಲ್ಲ. ಮನೆ ಹತ್ತಿರವಿದ್ದೂ ಹೋಟೆಲಿಗೆ ಬರುವವರು ಯಾಕೆ ಬರುತ್ತಾರೆ ಎಂದು ಅವರಿಗೊಂದು ಅನುಮಾನ. ಆ ಅನುಮಾನದ ವಿವರ ಇಲ್ಲಿ ಬರೆಯುವಂಥದ್ದಲ್ಲ, ನನ್ನ ತಲೆಕೂದಲಿನ ಬಣ್ಣ ನೋಡಿದ ಮೇಲೂ ಅವನಿಗೆ ಅದು ಬಂತಲ್ಲ ಎಂಬುದೊಂದು ಸಣ್ಣ ಸಂತೋಷ. ಮೂವತ್ತು ವರ್ಷದಿಂದ ದಾದರಿನವರು, ಮಾಟುಂಗದವರು ನಮ್ಮನ್ನು "ಡೊಂಬಿವಲಿ ಎಲ್ಲಿಯ ಮುಂಬೈ?" ಎಂದು ಹಂಗಿಸಿದ್ದಾರೆ. ನಾನು ಇಲ್ಲಿಯವನೇ ಎಂದು ಮೊದಲ ಬಾರಿಗೆ ಒಪ್ಪಿಕೊಂಡವನು ಈ ಕಾರಕೂನ, ಅದೂ ಹೊರಗೆ ಕಳಿಸುವುದಕ್ಕೆ.

"ಅರೇ ಭಾಯಿ, ಇವಳು ನನ್ನ ಹೆಂಡತಿ!" ಎಂದು ಹಿಂದಿಯಲ್ಲಿ ಗರ್ಜಿಸಿದೆ. "ಸಬ್ ಯಹೀ ಬೋಲ್ತೇ ಹೈ, ಸರ್" ಎಂದ, ಎಲ್ಲರೂ ಹೇಳುವುದು ಅದನ್ನೇ ಎಂಬ ವಿನಯದಿಂದ. ಸೋಫಾದಲ್ಲಿ ಕೂತಿದ್ದ ಒಂದು ಸಂಸಾರ ಟಿವಿ ಬಿಟ್ಟು ನಮ್ಮನ್ನು ನೋಡತೊಡಗಿತು. ಆಗ ಅವನು "ಮ್ಯಾಡಮ್ ಕಾ ಐಡಿ?" ಎಂದ. ಸುಮತಿ ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟಳು. ಇಲ್ಲಿನ ಕ್ಯೂ ನೋಡಿ ಹೆದರಿ, ಊರಿಗೆ ಹೋಗಿದ್ದಾಗ ಅಲ್ಲಿನ ಶಾಲೆಯ ಶಿಬಿರದಲ್ಲಿ ಮಾಡಿಸಿಕೊಂಡಿದ್ದ ಆಧಾರ್ ಕಾರ್ಡ್ ಅದು. ತವರುಮನೆಯ ವಿಳಾಸ, ಅಪ್ಪನ ಹೆಸರು. ನನ್ನ ಸುಳಿವು ಎಲ್ಲೂ ಇಲ್ಲ. ಕಾರಕೂನನ ನಗು ಮರಳಿ ಬಂತು, ಮ್ಯಾಡಮ್‌ಗೆ ಕೋಣೆ ಸಿಗುತ್ತದೆ ಎಂದ. "ಉಡುಪಿ! ಮ್ಯಾಡಮ್ ಕೋ ಮಿಲೇಗಾ." "ಔರ್ ಮೈ?" ಎಂದೆ. "ಆಪ್ ಕಾ ಘರ್ ತೋ ಪಾಸ್ ಮೇ ಹೀ ಹೈ ನಾ ಸರ್" ಎಂದು, ನನ್ನ ಮನೆ ಹತ್ತಿರವೇ ಇದೆಯಲ್ಲ ಎಂಬಂತೆ ಬಾಗಿಲ ಕಡೆ ತೋರಿಸಿದ.

ನನಗೆ ಅಳು ಬರುವುದೊಂದು ಬಾಕಿ. ಸುಮತಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ ಕಣ್ಣೊರಸಿಕೊಂಡಾಗ ಅವಳ ಮುಖದಲ್ಲಿ ಬೇರೇನೋ ಬಂದಿತ್ತು. ಸೋಫಾದಲ್ಲಿ ಕೂತು ಪ್ರಾಚಿಗೆ ಫೋನ್ ಮಾಡಿದಳು. ತಾಯಿ ತುಳುವಿನಲ್ಲಿ, ಮಗಳು ಹಿಂದಿಯಲ್ಲಿ ಏನೇನೋ ಮಾತಾಡಿದರು. ಎದ್ದು ಬಂದು, "ದೀಕ್ಷಾ ಇದ್ದ ಹೋಟೆಲಿನಲ್ಲೇ ಕೋಣೆ ಉಂಟಂತೆ. ಇವತ್ತು ಒಂದು ರಾತ್ರಿಗೆ, ಒಬ್ಬಳಿಗೆ" ಎಂದಳು. "ಅದರ ರೇಟು ಗೊತ್ತಾ ನಿನಗೆ?" ಎಂದೆ. ಗೊತ್ತಿತ್ತು. ಇಬ್ಬರಿಗೆ ಎರಡು ರಾತ್ರಿ ಎಂದು ನಾನು ತೆಗೆದಿಟ್ಟ ದುಡ್ಡಿನಲ್ಲಿ ಒಬ್ಬಳಿಗೆ ಒಂದು ರಾತ್ರಿಯ ಪೂರ್ತಿ ಸಮುದ್ರ ಸರಿಯಾಗಿ ಕೂತಿತು. ವಾರಗಟ್ಟಲೆ ನಾನು ಇಳಿಸಬೇಕಾಗಿದ್ದದ್ದು ನೀರನ್ನಲ್ಲ, ಒಬ್ಬ ಮನುಷ್ಯನನ್ನು.

"ನಾನೂ ಬರ್ತೇನೆ, ಹೇಗಾದರೂ ಮಾಡುವ" ಎಂದೆ. "ಅಲ್ಲಿಯೂ ಲೋಕಲ್‌ನವರಿಗೆ ಇಲ್ಲವಂತೆ. ಪ್ರಾಚಿ ನೋಡಿದ್ಲು." "ಒಬ್ಬಳೇ ಹೋಗ್ತೀಯಾ?" "ಯಾಕೆ, ಉಡುಪಿಯಿಂದ ಒಬ್ಬಳೇ ಬಂದವಳಲ್ವಾ ನಾನು? ಕಾರ್ಡಿನಲ್ಲೇ ಉಂಟಲ್ಲ. ಫ್ರಿಜ್ಜಿನಲ್ಲಿ ಹುಳಿ ಉಂಟು, ಅನ್ನ ಮಾತ್ರ ಇಡಿ." ಕಾರಕೂನನಿಗೆ ನಮಸ್ಕಾರ ಹೇಳಿ ಹೊರಟೇಬಿಟ್ಟಳು. ಸ್ಟೇಷನ್ನಿನಲ್ಲಿ ಫಾಸ್ಟ್ ಗಾಡಿ ಯಾವುದು, ಬಾಗಿಲು ಯಾವ ಕಡೆ ಬರುತ್ತದೆ, ಎಲ್ಲಿ ನಿಂತರೆ ಸೀಟು ಸಿಗುತ್ತದೆ ಎಂದು ನನ್ನ ಸಕಲ ವಿದ್ಯೆಯನ್ನೂ ಧಾರೆಯೆರೆಯುತ್ತಿದ್ದೆ. ಅಷ್ಟರಲ್ಲಿ ಗಾಡಿ ಬಂತು, ಅವಳು ಹೆಂಗಸರ ಡಬ್ಬಿ ಹತ್ತಿ ಕಿಟಕಿಯ ಹತ್ತಿರ ಕೂತೂ ಆಯಿತು. ನಾನು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ಡೊಂಬಿವಲಿಯ ಗಾಡಿಯಲ್ಲಿ ನಿಂತುಕೊಂಡು ಮನೆಗೆ ಬಂದೆ. ಲಿಫ್ಟಿನಲ್ಲಿ ಜೋಶಿ ಬಾಯಿ ಮತ್ತೆ ಸಿಕ್ಕಿದರು. ಒಬ್ಬನೇ ಬಂದದ್ದು ನೋಡಿ, ಈ ಬಾರಿ ಅವರು ನನ್ನ ಮುಖವನ್ನೂ ನೋಡಲಿಲ್ಲ.

ಮಾರನೆಯ ಬೆಳಗ್ಗೆ ಸುಮತಿಯ ವಿಡಿಯೊ ಕಾಲ್ ಬಂತು. ಅವಳು ಕಾಣಿಸಲಿಲ್ಲ, ಸಮುದ್ರ ಕಾಣಿಸಿತು. ಈ ತುದಿಯಿಂದ ಆ ತುದಿಯವರೆಗೆ, ಅರ್ಧ ಅಲ್ಲ, ಭಾಗಶಃ ಅಲ್ಲ. ಇಷ್ಟು ಸಣ್ಣ ಆಸೆಗೆ ಇವಳು ಇಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ನಿಜವಾಗಿ ಸಂಕಟವಾಯಿತು. ಆಮೇಲೆ ಅವಳ ದನಿ ಕೇಳಿಸಿತು: "ನೀವೂ ಇರ್ಬೇಕಿತ್ತು ಅಂತ ಒಮ್ಮೆ ಅನ್ನಿಸ್ತು ಮಾರಾಯ್ರೆ." ಫೋನನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡೆ. "ಹೌದಾ? ಆಮೇಲೆ?" ಎಂದೆ.

"ಆಮೇಲೆಂತ, ಚಹಾ ಬಂತು."

ಭಾನುವಾರ ಸಂಜೆ ಬಂದವಳು ವಾರವಿಡೀ ಹಾಡು ಗುನುಗಿಕೊಂಡೇ ಅಡುಗೆ ಮಾಡಿದಳು. ಇಬ್ಬರೂ ಒಟ್ಟಿಗೆ ಹೋಗುವ ಹಾಗಾಗಲಿ ಎಂದು, ಅವಳ ಕಾರ್ಡಿನ ವಿಳಾಸ ಇರಲಿ, ನನ್ನದನ್ನೇ ಉಡುಪಿಗೆ ಬದಲಾಯಿಸಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ ಎಂದೆ. "ಅವಸರ ಎಂತ?" ಎಂದಳು. ಗಣಪತಿ ಹಬ್ಬ ಮುಗಿದ ಮೇಲೆ ಮತ್ತೊಮ್ಮೆ ಹೋಗುವವಳಿದ್ದಾಳೆ. ಹೋಟೆಲು ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಹಾಗಾಗಿ ಆ ಕೆಲಸ ಈ ಬಾರಿಯೂ ನನಗೇ ಬಿಟ್ಟಿದ್ದಾಳೆ. ಕೋಣೆ ಒಬ್ಬರದ್ದೇ ಸಾಕಂತೆ.