ಮಾವನ ಪ್ರತ್ಯೇಕ ಖೋಲಿ

ತೆಲಂಗಾಣ ಚಳವಳಿಯಲ್ಲಿ ಒಂದು ಬ್ಯಾಕ್ಟೀರಿಯಾವೂ ಭಾಗವಹಿಸಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ! ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ಅದರ ಪರವಾಗಿ, ಕರ್ನಾಟಕಕ್ಕೆ ಅಂಟಿಕೊಂಡಿರುವ ಜಹೀರಾಬಾದಿನ ಧರಣಿ ಟೆಂಟಿನಲ್ಲಿ ಭಾಷಣ ಮಾಡಿದವರು ನನ್ನ ಸೋದರಮಾವ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವನು ನಾನು.

ಮಾವ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಸಮಸ್ತ ಸೃಷ್ಟಿಯಲ್ಲಿ ಅವರು ಮೆಚ್ಚಿದ್ದು ರುಬಿಸ್ಕೊ ಎಂಬ ಒಂದು ಕಿಣ್ವವನ್ನು. ಗಾಳಿಯ ಇಂಗಾಲವನ್ನು ಹಿಡಿದು ಅನ್ನದ ದಾರಿಗೆ ಹಚ್ಚುವುದು ಅದರ ನೌಕರಿ. ನೌಕರಿ ದೊಡ್ಡದು, ನೌಕರ ಮಹಾ ಮಂದ! ಇಂಗಾಲದ ಡೈಆಕ್ಸೈಡ್ ಹಿಡಿ ಎಂದರೆ ಆಗಾಗ ಆಮ್ಲಜನಕವನ್ನು ಹಿಡಿದು ಕೂರುತ್ತದೆ.

"ಕೊತ್ತಂಬರಿ ತರ್ರಿ ಅಂದ್ರ ಪುದೀನ ತಂದೀರಿ. ನಿಮಗೂ ಅದಕ್ಕೂ ಒಂದೇ ಗೋತ್ರ ಏನ್ರಿ?" ಎನ್ನುತ್ತಿದ್ದರು ಅತ್ತೆ.

ಆ ವರ್ಷ ಮನೆಯಲ್ಲಿ ಪುದೀನ ಹೆಚ್ಚಾಯಿತು. ಒಮ್ಮೆ ಕಾಲೇಜಿಗೆಂದು ಹೊರಟವರು ಬೇರೆಯೇ ದಿಕ್ಕಿನ ತಾಂಡೂರಿನಲ್ಲಿ ಇಳಿದರು.

"ತಲ್ಯಾಗಿಂದ ಹೆಸರು ಮೊದಲು ಹೋಗ್ತಾವ ಅಳಿಯಾ," ಎಂದರು ಒಂದು ದಿನ, ಅತ್ತೆಗೆ ಕೇಳಿಸದಂತೆ. "ಕಾರ್ಬಾಕ್ಸಿಸೋಮ್ ಅನ್ನೋ ಹೆಸರು ಹೋಗೂದರೊಳಗ ಒಂದ್ಸಲ, ಒಂದೇ ಒಂದ್ಸಲ, ಆ ಪಾಠ ತಪ್ಪಿಲ್ದಂಗ ಮಾಡಬೇಕು."

ಪಾಠವೇನೋ ಸರಿ, ಕಾಲೇಜು? ಬಂದ್! ವಿದ್ಯಾರ್ಥಿಗಳೆಲ್ಲ ಟೆಂಟಿನಲ್ಲಿ. ಮಾವ ಟೆಂಟಿಗೇ ನಡೆದರು. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತು ಬಂದಿದ್ದ ನಾನು ಮಾವನ ಕೈಗೆ ಬಂದ ಮೈಕನ್ನು ಮಾತ್ರ ಸಂಶಯಿಸಲಿಲ್ಲ.

"ರುಬಿಸ್ಕೊ ದಡ್ಡ ಅಲ್ರಪ್ಪಾ! ಅದರ ಜಾಗಾದಾಗ ಹೊರಗಿನವರು ಬಂದು ಕೂತಾರ!"

ಚಪ್ಪಾಳೆ!

"ಅದಕ್ಕ ನೀಲಿಹಸಿರು ಬ್ಯಾಕ್ಟೀರಿಯಾ ಏನ್ ಮಾಡ್ಯಾವ? ಪ್ರೋಟೀನಿನ ಗ್ವಾಡಿ ಕಟ್ಟಿ ಅದನ್ನ ಒಳಗ ಇಟ್ಟಾವ. ಗ್ವಾಡಿ ಕಿಂಡ್ಯಾಗಿಂದ ಬೈಕಾರ್ಬೊನೇಟ್ ಒಳಗ ಬರ್ತದ. ಅಲ್ಲೇ ಇರೋ ಇನ್ನೊಂದು ಕಿಣ್ವ ಅದನ್ನ ಇಂಗಾಲದ ಡೈಆಕ್ಸೈಡ್ ಮಾಡಿ ರುಬಿಸ್ಕೊ ಕೈಯಾಗೇ ಕೊಡ್ತದ. ಆಮ್ಲಜನಕಕ್ಕ ಒಳಗ ಬರೂದೇ ಕಷ್ಟ! ಈ ಖೋಲಿಗೇ ಕಾರ್ಬಾಕ್ಸಿಸೋಮ್ ಅಂತಾರ."

ಕನ್ನಡ ಬಾರದವರಿಗಾಗಿ ತೆಲುಗಿಗೆ ಹೊರಳಿದರು. ತೆಲುಗಿನಲ್ಲಿ ಖೋಲಿಗೆ 'ಗದಿ' ಎನ್ನುತ್ತಾರೆ. ಮಾವನ ಕನ್ನಡ ನಾಲಿಗೆ ಅದನ್ನು 'ಗಡಿ' ಮಾಡಿತು.

"ದಾನಿಕಿ ಪ್ರತ್ಯೇಕ ಗಡಿ ಕಾವಾಲಿ!"

ಕನ್ನಡದ ಕಿವಿಗೆ ಅದು, ಅದಕ್ಕೆ ಪ್ರತ್ಯೇಕ ಸರಹದ್ದು ಬೇಕು! ಮುಂದಿನ ಸಾಲಿನ ಕನ್ನಡ ಮನೆಗಳ ಹುಡುಗರು ಎದ್ದು "ಜೈ ತೆಲಂಗಾಣ!" ಎಂದರು. ಹಿಂದಿನವರು ಮುಂದಿನವರನ್ನು ನಂಬಿದರು. ಮಾವನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. (ಸೇವಂತಿಗೆ ಎಂದು ಅತ್ತೆಯ ವಾದ. ನನ್ನ ನೆನಪನ್ನು ನಾನೂ ಅಷ್ಟು ನಂಬುವುದಿಲ್ಲ.)

"ರುಬಿಸ್ಕೊ ಸಾಹೇಬರು ಯಾವ ಮಂಡಲದವರ್ರಿ?" ಎಂದು ಒಬ್ಬ ಹಿರಿಯರು ತಾಲೂಕು ವಿಚಾರಿಸಿದರು. "ಕಲ್ಹೇರ್‌ದವರೇನು?"

ದಾರಿಯಲ್ಲಿ ನಾನು ನಕ್ಕು ನಕ್ಕು ಸುಸ್ತಾದೆ. ಮಾವ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಪಾಠ ತಪ್ಪಾತು ಅಳಿಯಾ. 'ಇನ್ನೊಂದು ಕಿಣ್ವ' ಅಂದೆ ನೋಡು, ಅದರ ಹೆಸರು ಬರಲಿಲ್ಲ."

ರಾಜ್ಯ ಬಂತು. ಮಾವನ ಹೆಸರುಗಳು ಒಂದೊಂದಾಗಿ ಹೋದವು. ಹೋದ ಸಲ ನಾನು ಹೋದಾಗ ಅತ್ತೆ ಅವರ ಮಂಚ, ಚಷ್ಮಾ, ತಂಬಿಗೆ, ಪುಸ್ತಕ ಎಲ್ಲವನ್ನೂ ಒಂದೇ ಸಣ್ಣ ಖೋಲಿಯಲ್ಲಿ ಕೈಗೆಟುಕುವಂತೆ ಜೋಡಿಸಿದ್ದರು. ತಾವು ಬಾಗಿಲಲ್ಲಿ ತೊಗರಿಕಾಯಿ ಸುಲಿಯುತ್ತ ಕುಳಿತಿದ್ದರು. ಒಳಗೆ ಪಾಠ ನಡೆದಿತ್ತು.

"ಕಿಂಡ್ಯಾಗಿಂದ ಬೈಕಾರ್ಬೊನೇಟ್ ಬರ್ತದ. ಅಲ್ಲೇ ಇನ್ನೊಂದು... ಇನ್ನೊಂದು..."

ಮಾವನ ಪಾಠ ಅಲ್ಲಿಗೆ ನಿಂತಿತು. ನಾನೂ ತಡಕಾಡಿದೆ, ಎಂಎಸ್ಸಿ ಮಾಡಿದವನಿಗೆ ಹೆಸರು ಹೊಳೆಯಲಿಲ್ಲ.

"ಕಾರ್ಬಾನಿಕ್ ಅನ್‌ಹೈಡ್ರೇಸ್ ರಿ," ಎಂದರು ನಾಲ್ಕನೆಯ ಇಯತ್ತೆ ಓದಿದ ಅತ್ತೆ, ತಲೆ ಎತ್ತದೆ. "ದಿನಾ ಇಲ್ಲೇ ನಿಲ್ತೀರಿ. ಮುಂದ ಹೇಳ್ರಿ."

ಮಾವ ಮುಂದೆ ಹೇಳಿದರು. ಕೊನೆಯವರೆಗೆ, ಒಂದೂ ತಪ್ಪಿಲ್ಲದೆ. ಆಮೇಲೆ ನನ್ನನ್ನು ನೋಡಿದರು.

"ಇವರ‍್ಯಾರು?"

"ನಿಮ್ಮ ವಿದ್ಯಾರ್ಥಿ ರಿ," ಎಂದರು ಅತ್ತೆ.

"ಹಂಗಾರ ಒಳಗ ಬರ್ಲಿ," ಎಂದರು ಮಾವ. "ಬಾಗಿಲಾ ಮುಚ್ಚು. ಆಮ್ಲಜನಕ ಬರ್ತದ."