ಹುಲ್ಲಿನ ಕರುವಿನ ಅಭ್ಯಂಜನ

ಎಮ್ಮೆ ಹಾಲು ನಿಲ್ಲಿಸಿದ್ದು ನನ್ನಿಂದ. ಹಾಲು ಬರಿಸಿದ್ದು ನನ್ನ ಮೈದುನ. ನಡೆದದ್ದು ಇಷ್ಟೇ. ಹೈದರಾಬಾದಿನ ನಾರಾಯಣಗೂಡದ ನಮ್ಮ ಓಣಿಯವರು ಇದಕ್ಕೆ ದೇವರು, ದೃಷ್ಟಿ, ನಿಂಬೆಹಣ್ಣು ಎಲ್ಲ ಸೇರಿಸಿ ಹೇಳುತ್ತಾರೆ. ನಂಬಬೇಡಿ!

ಮೈದುನನಿಗೆ ಹುಚ್ಚು ಎಂದು ಓಣಿಯಲ್ಲಿ ಮೊದಲು ಹೇಳಿದವಳು ನಾನೇ. ನಾನು ಮದುವೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ; ಇರುವೆ ಸಾಲಿಗೆ ದಾರಿ ಬಿಟ್ಟು ಸುತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹೊತ್ತು ನಿವೃತ್ತನಾದರೂ ಬುದ್ಧಿ ಅಲ್ಲೇ ನಿಂತಿತ್ತು. ಒಮ್ಮೆ ಕೆನೆ ನೆಕ್ಕಿದ ಬೆಕ್ಕಿಗೆ ನಾನು ಲಟ್ಟಣಿಗೆ ಬೀಸಿದೆ. ಅವನು ಅದರ ಹಿಂದೆ ಗೋಡೆಯವರೆಗೆ ಹೋಗಿ, ನನ್ನ ಪರವಾಗಿ ಕ್ಷಮೆ ಕೇಳಿ ಬಂದ!

"ಅದಕ್ಕ ಭಾಳ ಅವಮಾನ ಆಗೇದ, ವೈನಿ."

ಮರುದಿನ ಬೆಕ್ಕು ಮತ್ತೆ ಕೆನೆ ನೆಕ್ಕಿತು.

"ನೋಡ್ರಿ, ಮನಸಿನ್ಯಾಗ ಏನೂ ಇಟಗೊಂಡಿಲ್ಲ!" ಎಂದ.

ಇನ್ನು ಅವನ ಮಫ್ಲರು. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಹೆಣೆದ ಹಸಿರು ಮಫ್ಲರು. ಅವಳು ತೀರಿಕೊಂಡು ಎರಡು ವರ್ಷ. ಮಫ್ಲರು ನೀರು ಕಂಡೂ ಎರಡು ವರ್ಷ. ಹೈದರಾಬಾದಿನ ಮೇ ತಿಂಗಳಲ್ಲಿ ಮಫ್ಲರು ಸುತ್ತಿಕೊಂಡು ತಿರುಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆಯುವವಳು ನಾನು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಕೈ ತುರಿಸುತ್ತಿತ್ತು.

"ಕೊಡೋ, ಒಂದು ಸಲ ಹಿಂಡಿ ಹಾಕತೀನಿ."

"ಬ್ಯಾಡ್ರಿ ವೈನಿ. ಇರಲಿ."

ನಮ್ಮ ಅಂಗಳಕ್ಕೆ ಎರಡು ಹೊತ್ತೂ ಎಮ್ಮೆ ಹೊಡೆದುಕೊಂಡು ಬಂದು, ಕಣ್ಣೆದುರೇ ಕರೆದು ಕೊಡುವ ತೆಲುಗು ಹಾಲಿನವನೊಬ್ಬನಿದ್ದ. ಇದ್ದದ್ದು ಒಂದೇ ಎಮ್ಮೆ. ಅದರ ಕರು ಸತ್ತಿತ್ತು. ಕರು ಮುಂದಿಲ್ಲದೆ ಎಮ್ಮೆ ಹಾಲು ಬಿಡುವುದಿಲ್ಲವಲ್ಲ! ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದು ತಂದಿದ್ದ. ಅದನ್ನು ಮೂಗಿನ ಮುಂದೆ ಹಿಡಿದರೆ ಎಮ್ಮೆ ನೆಕ್ಕುತ್ತಾ ನಿಲ್ಲುತ್ತಿತ್ತು, ಇವನು ಕರೆದುಕೊಳ್ಳುತ್ತಿದ್ದ. ಹಿಡಿಯುವ ಕೆಲಸ ಯಾರದು? ನಮ್ಮವನದೇ! ಕರುವನ್ನು ಕೊರಳಲ್ಲಿದ್ದ ಮಫ್ಲರಿನ ತುದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಎಮ್ಮೆಗೆ ಪೇಪರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಮುಖ್ಯಮಂತ್ರಿ ಬದಲಾದದ್ದು ನನಗಿಂತ ಮೊದಲು ಆ ಎಮ್ಮೆಗೆ ತಿಳಿಯುತ್ತಿತ್ತು.

"ಎಮ್ಮಿಗೆ ಬುದ್ಧಿ ಇದ್ದಿದ್ರ ಹುಲ್ಲಿನ ಕರು ನೆಕ್ಕತಿತ್ತೇನೋ?" ಎಂದು ಒಂದು ದಿನ ಕೇಳಿದೆ.

"ಕರು ಸತ್ತದ್ದು ಅಕಿಗೆ ಗೊತ್ತದ, ವೈನಿ. ಗೊತ್ತಿದ್ದೂ ನೆಕ್ಕತಾಳ."

ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ಹಾಲು ಕರೆದ ಮೇಲೆ ಹಾಲಿನವನು ಆ ಕರುವನ್ನು ನಮ್ಮ ಪೇರಲ ಗಿಡಕ್ಕೆ ನೇತುಹಾಕಿ ಹೋಗುತ್ತಿದ್ದ. ನೊಣ, ನಾತ! ಮೈದುನ ಒಂದು ಮದುವೆಗೆಂದು ಮೂರು ದಿನ ಕಲಬುರಗಿಗೆ ಹೋದ. ಸಂದು ಸಿಕ್ಕಿತೆಂದು ಕರುವನ್ನು ಬಚ್ಚಲಕಲ್ಲಿನ ಮೇಲೆ ಹಾಕಿ, ಬಿಸಿನೀರು ಸುರಿದು, ಸೀಗೆಪುಡಿ ಹಚ್ಚಿ ತಿಕ್ಕಿದೆ ನೋಡಿ! ಬಿಸಿಲಿಗೆ ಒಣಗಿದ ಮೇಲೆ ಮದುಮಗನ ಹಾಗೆ ಹೊಳೆಯಿತು.

ಸಂಜೆ ಎಮ್ಮೆ ಬಂತು, ಮೂಸಿತು, ಮುಖ ತಿರುಗಿಸಿತು. ಹಾಲಿನವನು ಬಕೆಟ್ಟು ಬೋರಲು ಹಾಕಿ, "ಪಾಲು ಲೇವಮ್ಮಾ!" ಎಂದು ತಲೆ ಹಿಡಿದುಕೊಂಡು ಕೂತ. ಮರುದಿನವೂ ಒಂದು ತೊಟ್ಟು ಹಾಲಿಲ್ಲ. ಮೂರನೆಯ ದಿನ ಬೆಳಿಗ್ಗೆಯೂ ಇಲ್ಲ. ನಾಳೆ ಸಂತೆ, ಹಾಲು ಕೊಡದ ಎಮ್ಮೆಯನ್ನು ಕಸಾಯಿಯವರೇ ಕೊಳ್ಳುವುದು ಎಂದು ಹೇಳಿ ಕಣ್ಣೊರೆಸಿಕೊಂಡ. ನಾನು ಸೀಗೆಪುಡಿಯ ಮಾತು ಎತ್ತಲಿಲ್ಲ. ಯಾವ ಬಾಯಿಂದ ಎತ್ತಲಿ?

ಅಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಮೈದುನ ಬಂದ. ಚೀಲ ಇಳಿಸುವ ಮೊದಲೇ ಕರುವನ್ನು ಎತ್ತಿ ಮೂಸಿದ.

"ವೈನಿ, ಇದಕ್ಕ ನೀರು ಹಾಕಿದ್ರೇನು?"

"ಹೂಂ. ನಾರತಿತ್ತು."

"ಅಕಿ ಕೂಸಿನ ಗುರುತು ತೊಳದುಬಿಟ್ರಲ್ಲ."

ಚೀಲ ಇಳಿಸಿ ಎಮ್ಮೆಯ ಹಣೆ ಸವರಿದ. ಆಮೇಲೆ ದಿನವೂ ಕರುವಿಗೆ ಸುತ್ತುತ್ತಿದ್ದ ಮಫ್ಲರನ್ನು ಕುತ್ತಿಗೆಯಿಂದ ಬಿಚ್ಚಿ, ಹುಲ್ಲಿನ ಕರುವಿನ ಕೊರಳಿಗೆ ಸುತ್ತಿ ಮುಂದೆ ಹಿಡಿದ. ಎಮ್ಮೆ ಮೂಸಿತು. ಮತ್ತೊಮ್ಮೆ ಮೂಸಿತು. ಗಂಟಲಿನಲ್ಲೇ ಏನೋ ಅಂದು, ಮಫ್ಲರನ್ನು ನೆಕ್ಕತೊಡಗಿತು. ಬಕೆಟ್ಟಿಗೆ ಸರ್‍ರೆಂದು ಹಾಲು ಬಿತ್ತು.

"ಪಾಲು ವಚ್ಚಾಯಮ್ಮಾ!" ಹಾಲಿನವನು ಓಣಿಗೆಲ್ಲ ಕೇಳುವಂತೆ ಕೂಗಿದ.

ಮೈದುನ ಬೋಳು ಕುತ್ತಿಗೆಯಲ್ಲಿ ಒಳಗೆ ಬಂದ. ಎರಡು ವರ್ಷ ಬಿಸಿಲು ಕಾಣದ ಕುತ್ತಿಗೆ ಬೆಳ್ಳಗೆ, ಕೂಸಿನದರ ಹಾಗಿತ್ತು.

"ಮಫ್ಲರು ಅಲ್ಲೇ ಬಿಟ್ಟು ಬಂದಿ?"

"ನನ್ನ ಕಡೆ ಅಕಿ ಫೋಟೋನಾದರೂ ಅದ, ವೈನಿ. ಪಾಪ, ಎಮ್ಮಿ ಕಡೆ ಏನದ?"

ನಾನು ಅಂಗಳದಲ್ಲೇ ಉಳಿದಿದ್ದ ಅವನ ಚೀಲ ತಂದು ಒಳಗಿಟ್ಟೆ.

ನೆಗೆಣ್ಣಿ ಆಸ್ಪತ್ರೆಗೆ ಹೊರಟ ದಿನ ಉಟ್ಟು ಬಿಟ್ಟ ಸೀರೆಯೊಂದು ನನ್ನ ಕೋಣೆಯ ಬಾಗಿಲ ಹಿಂದೆ ಉಳಿದಿತ್ತು. ಅದನ್ನು ನನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ಅವನು ಅಂಗಳದಲ್ಲಿ ಕರು ಹಿಡಿದು ಕೂತಿದ್ದಾಗ, ಆ ಸೀರೆಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಅವನ ದಿಂಬಿನ ಕೆಳಗೆ ಇಟ್ಟು ಬಂದೆ. ಎರಡು ವರ್ಷದಿಂದ ನಾನೂ ಅದನ್ನು ಒಗೆದಿರಲಿಲ್ಲ.